ನಂಬರ್ ಒನ್‌ಗೆ ಮೊದಲಿನ ಎರಡು ನಿಮಿಷ

ಕಳೆದ ತಿಂಗಳು ಮಗಳಿಗೆ ಶಾಲೆಯ ಬೂಟು ಕೊಳ್ಳಲು ಠಾಣೆಯ ಮಾಜಿವಾಡಾದ ಒಂದು ಮಾಲಿಗೆ ಹೋಗಿದ್ದೆ. ನೆಲಮಹಡಿಯ ನಡುವೆ ಪ್ಲೈವುಡ್ಡಿನ ಹತ್ತು ಮೆಟ್ಟಿಲುಗಳನ್ನು ನಿಲ್ಲಿಸಿ ಅವುಗಳಿಗೆ ಬೆಳ್ಳಿಬಣ್ಣ ಬಳಿಯುತ್ತಿದ್ದರು. ಪ್ರತಿ ಮೆಟ್ಟಿಲಿನ ಮೇಲೂ ಒಂದೊಂದು ಅಂಕಿ. ಬಣ್ಣ ಹಸಿಯಾಗಿರುವಾಗಲೇ ದೊಡ್ಡ ದೀಪಗಳನ್ನು ಹಚ್ಚಿ ಪರೀಕ್ಷಿಸುತ್ತಿದ್ದರು. ಹಸಿ ಬಣ್ಣ, ಕಾದ ದೀಪ, ಜನರ ಕೈಯಲ್ಲಿದ್ದ ಒದ್ದೆ ಛತ್ರಿಗಳು, ಇವೆಲ್ಲವುಗಳ ವಾಸನೆ ಒಟ್ಟಿಗೆ ಮೂಗಿಗೆ ಬಂದಾಗ ನಾನು ಹಿಂದೆ ಸರಿದೆ. ಮಗಳು ಏನಾಯಿತೆಂದು ಮರಾಠಿಯಲ್ಲಿ ಕೇಳಿದಳು. ಏನೂ ಇಲ್ಲವೆಂದು ಹೇಳಿ, ಅವಳ ಕೈ ಹಿಡಿದುಕೊಂಡು ಹೊರಗೆ ಬಂದು, ರಿಕ್ಷಾ ಸ್ಟ್ಯಾಂಡಿನ ಬಳಿ ಸ್ವಲ್ಪ ಹೊತ್ತು ನಿಂತೆ. ಬೂಟು ಕೊಳ್ಳದೆಯೇ ಮನೆಗೆ ಮರಳಿದೆವು.

ಆ ಮೆಟ್ಟಿಲುಗಳನ್ನು ಅಲ್ಲಿ ಯಾಕೆ ನಿಲ್ಲಿಸುತ್ತಿದ್ದರೆಂಬುದು ಎರಡು ದಿನಗಳ ಅನಂತರ ತಿಳಿಯಿತು. ಡೊಂಬಿವಲಿಯ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳಾದ ಹಿರೇಮಠ ಕಾಕಾ ಫೋನ್ ಮಾಡಿದರು. ವಿಜಯಪುರದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಸಂಘದ ಸ್ಮರಣ ಸಂಚಿಕೆಯ ಸಂಪಾದಕರು. ಹಿಂದೆ ಭಾನುವಾರ ಸಂಜೆ ಟಿವಿಯಲ್ಲಿ ಬರುತ್ತಿದ್ದ, ವಾರದ ಹತ್ತು ಜನಪ್ರಿಯ ಹಾಡುಗಳ ಕಾರ್ಯಕ್ರಮವನ್ನು ಮತ್ತೆ ಆರಂಭಿಸಬೇಕೆಂದು ಕೆಲವರು ಸಹಿ ಸಂಗ್ರಹಿಸುತ್ತಿದ್ದಾರಂತೆ. ಮಾಲಿನಲ್ಲಿ ಅದರ ಪ್ರಚಾರವಂತೆ. ಈ ಬಾರಿ ಹಿಂದಿ ಹಾಡುಗಳ ಜೊತೆಗೆ ಕನ್ನಡ ಹಾಡುಗಳಿಗೂ ಜಾಗ ಕೊಡುತ್ತಾರಂತೆ. ಆದ್ದರಿಂದ ಸಂಘವೂ ಬೆಂಬಲ ನೀಡಬೇಕೆಂಬುದು ಕಾಕಾ ಅವರ ಅಭಿಪ್ರಾಯ.

"ನೀವು ಆ ಸ್ಟುಡಿಯೋದಾಗ ಕೆಲ್ಸಾ ಮಾಡಿದವ್ರು ಸುಮನಾ ಅವ್ರ. ನಿಮ್ಮಷ್ಟ ಚಲೋ ಯಾರು ಬರೀತಾರ್ರೀ? ನಾಕ ಪುಟ ನಿಮ್ಗಂತನ ತೆಗೆದಿಟ್ಟೇನಿ" ಎಂದರು.

ಅವರು ಕೇಳಿದ್ದು ಕಾರ್ಯಕ್ರಮದ ಪರವಾದ ಲೇಖನವನ್ನು. ನಾನು ಬರೆಯುತ್ತಿರುವುದು ಅದನ್ನಲ್ಲ. ಸಂಚಿಕೆಗೆ ಯೋಗ್ಯವಲ್ಲವೆನಿಸಿದರೆ ಸಂಪಾದಕರು ದಯವಿಟ್ಟು ಹಿಂತಿರುಗಿಸಬಹುದು. ಭಾಷೆಯಲ್ಲಿ ದೋಷಗಳಿದ್ದರೆ ತಿದ್ದಬಹುದು. ವಿಷಯವನ್ನು ಮಾತ್ರ ತಿದ್ದಬಾರದೆಂದು ಕೋರುತ್ತೇನೆ.

ನಾನು ಅಲ್ಲಿ ಕೆಲಸ ಮಾಡಿದ್ದು ಒಂದೇ ಒಂದು ಮಳೆಗಾಲ, ಜೂನ್ ತಿಂಗಳಿನಿಂದ ಚೌತಿಯವರೆಗೆ. ಆಗ ನಾವು ಠಾಣೆ ಪೂರ್ವದ ಕೋಪರಿಯಲ್ಲಿ, ಒಂದೊಂದೇ ಕೋಣೆಯ ಸಾಲುಮನೆಗಳ ಒಂದು ಚಾಳಿನಲ್ಲಿದ್ದೆವು. ಕುಂದಾಪುರದ ಕಡೆಯವರಾದ ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಬಿ.ಎ. ಪದವಿಯ ಪ್ರಮಾಣಪತ್ರಕ್ಕೆ ಅಪ್ಪಯ್ಯ ಪ್ಲಾಸ್ಟಿಕ್ ಹಾಕಿಸಿಕೊಂಡು ಬಂದಿದ್ದರು. ಹಾಗೆ ಮಾಡಬಾರದು, ಅದರ ಮೇಲೆ ಮುಂದೆ ಮೊಹರು ಒತ್ತಲು ಬರುವುದಿಲ್ಲ ಎಂದು ನಾನು ರೇಗಿದ್ದೆ. ಅಪ್ಪಯ್ಯ ಸ್ಟೇಷನ್ನಿನ ಬಳಿಯ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದೋಸೆಕಾವಲಿಯ ಮುಂದೆ ಇಪ್ಪತ್ತೈದು ವರ್ಷ ನಿಂತವರು.

ಠಾಣೆಯಿಂದ ವಾಶಿಯ ಕಡೆಗೆ ಹೋಗುವ ಲೋಕಲ್ ಹತ್ತಿದರೆ ಸ್ವಲ್ಪ ಹೊತ್ತಿಗೆ ರಬಾಳೆ. ಅಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಹಿಂದೆ ರಬ್ಬರ್ ಕಾರ್ಖಾನೆಯಾಗಿದ್ದ ಒಂದು ಶೆಡ್ಡನ್ನು ಸ್ಟುಡಿಯೋ ಮಾಡಿದ್ದರು. ತಗಡಿನ ಛಾವಣಿ, ಒಳಗೆ ಮಾಲಿನಲ್ಲಿ ಕಂಡಂತಹವೇ ಬೆಳ್ಳಿಬಣ್ಣದ ಹತ್ತು ಮೆಟ್ಟಿಲುಗಳು. ಮಳೆ ಜೋರಾದರೆ ಚಿತ್ರೀಕರಣ ನಿಲ್ಲುತ್ತಿತ್ತು. ಕಾರ್ಯಕ್ರಮದ ನಿರ್ಮಾಣವನ್ನು ನೋಡಿಕೊಳ್ಳುತ್ತಿದ್ದವರು ರಿತು ಮೇಡಂ. ನನಗಿಂತ ಏಳೆಂಟು ವರ್ಷ ದೊಡ್ಡವರು, ಬಹಳ ಚುರುಕು, ಎಲ್ಲರನ್ನೂ ಹೆಸರು ಹಿಡಿದೇ ಕರೆಯುವವರು. ಕನ್ನಡ, ತುಳು, ಮರಾಠಿ, ಹಿಂದಿ, ಸ್ವಲ್ಪ ಇಂಗ್ಲಿಷ್ ಬರುತ್ತದೆಂಬ ಕಾರಣಕ್ಕೆ ನನ್ನನ್ನು ಆರಿಸಿಕೊಂಡರು. ತಂದೆ ಏನು ಮಾಡುತ್ತಾರೆಂದು ಕೇಳಿದಾಗ "ಹೋಟೆಲ್ ಲೈನಿನಲ್ಲಿದ್ದಾರೆ" ಎಂದೆ. ನಮ್ಮ ಕಡೆಯ ಹೆಸರಿನವರು ಹೋಟೆಲ್ ಎಂದರೆ ಈ ಊರಿನವರು ಮಾಲೀಕರೆಂದೇ ತಿಳಿಯುತ್ತಾರೆ. ಅವರೂ ಹಾಗೆಯೇ ತಿಳಿದರು. ನಾನು ತಿದ್ದಲಿಲ್ಲ.

ಕಾರ್ಯಕ್ರಮದ ಬಗೆಗೆ ನ್ಯಾಯವಾಗಿ ಹೇಳಬೇಕಾದುದನ್ನು ಮೊದಲು ಹೇಳಿಬಿಡುತ್ತೇನೆ. ಪಟ್ಟಿ ಸುಳ್ಳಾಗಿರಲಿಲ್ಲ. ಇಂತಹ ಕಾರ್ಯಕ್ರಮಗಳನ್ನು ಬಯ್ಯುವವರು ಸಾಮಾನ್ಯವಾಗಿ ಮತ ಎಣಿಕೆಯಲ್ಲಿ ಮೋಸವಿತ್ತೆಂದು ಹೇಳುತ್ತಾರೆ. ನಾನು ಕಂಡಂತೆ ಮೋಸವಿರಲಿಲ್ಲ. ಜನ ಮೊಬೈಲಿನಿಂದ ಕಳುಹಿಸಿದ ಸಂದೇಶಗಳ ಲೆಕ್ಕ ಪ್ರತಿ ಮಂಗಳವಾರ ಮುದ್ರಿತವಾಗಿ ಬರುತ್ತಿತ್ತು. ಅದರಲ್ಲಿ ಮೊದಲು ಬಂದ ಹಾಡೇ ಭಾನುವಾರ ಎಲ್ಲಕ್ಕಿಂತ ಮೇಲಿನ ಮೆಟ್ಟಿಲೇರುತ್ತಿತ್ತು. ಜನರಿಗೆ ಅದರ ಮೇಲೆ ಪ್ರೀತಿಯಿದ್ದುದೂ ನಿಜ. ಭಾನುವಾರ ಸಂಜೆ ನಮ್ಮ ಚಾಳಿನಲ್ಲಿ ಟಿವಿ ಇದ್ದ ಮನೆಗಳ ಬಾಗಿಲುಗಳೆಲ್ಲ ತೆರೆದಿರುತ್ತಿದ್ದವು. ಕಳೆದ ವಾರ ಮೂರರಲ್ಲಿದ್ದ ಹಾಡು ಏಳಕ್ಕೆ ಜಾರಿದರೆ ನಲ್ಲಿಯ ಮುಂದಿನ ಸಾಲಿನಲ್ಲಿ ಸೋಮವಾರ ಬೆಳಿಗ್ಗೆ ಅದೇ ಮಾತು. ಮರಾಠಿಯವರು, ನಮ್ಮವರು, ಉತ್ತರದಿಂದ ಬಂದವರು, ಎಲ್ಲರೂ ಜಗಳವಾಡಲು ಅಷ್ಟೊಂದು ನಿರುಪದ್ರವಿಯಾದ ವಿಷಯ ಬೇರೊಂದಿರಲಿಲ್ಲ.

ನನ್ನ ಅಸಹ್ಯವಿರುವುದು ಪಟ್ಟಿಯ ಬಗೆಗಲ್ಲ. ನಂಬರ್ ಒನ್ ಹಾಡನ್ನು ತೋರಿಸುವುದಕ್ಕೆ ಮೊದಲು ಎರಡು ನಿಮಿಷ ಬರುತ್ತಿದ್ದ ಒಂದು ಭಾಗದ ಬಗೆಗೆ. ಕೂಲಿಯವರು, ತರಕಾರಿ ಮಾರುವವರು, ಕಾರ್ಖಾನೆಯ ಕೆಲಸದವರು, ಇಂತಹ ಯಾರನ್ನಾದರೂ ಸ್ಟುಡಿಯೋಗೆ ಕರೆದು ಆ ವಾರದ ಹಾಡನ್ನು ಹಾಡಿಸುತ್ತಿದ್ದರು. ಅನಂತರ ನಿರೂಪಕರಾದ ಒಬ್ಬ ಹುಡುಗ, ಒಬ್ಬ ಹುಡುಗಿ ಅದನ್ನು ನೋಡಿ ನಗುತ್ತಿದ್ದರು. ನೋಡುವವರಿಗೆ ಬಹಳ ಮೆಚ್ಚುಗೆಯಾದದ್ದು ಆ ಎರಡು ನಿಮಿಷವೇ. ಹಾಡುವವರನ್ನು ಹುಡುಕಿ ತರುವುದು ನನ್ನ ಕೆಲಸವಾಗಿತ್ತು.

ಮೊದಲ ವಾರ ನಾನು ಕೋಪರಿಯ ಮೀನುಪೇಟೆಯಲ್ಲಿ ಸಿಗಡಿ ಸುಲಿಯುವ ಒಬ್ಬ ಹುಡುಗಿಯನ್ನು ಕರೆತಂದೆ. ಅವಳು ಬಹಳ ಚೆನ್ನಾಗಿ ಹಾಡಿದಳು. ರಿತು ಮೇಡಂ ಚಹಾ ಕೊಟ್ಟು, ರೈಲುಖರ್ಚು ಕೊಟ್ಟು, ಅವಳನ್ನು ಕಳುಹಿಸಿದರು. ಅವಳ ಹಾಡು ಪ್ರಸಾರವಾಗಲಿಲ್ಲ. ಅನಂತರ ನನ್ನನ್ನು ಪಕ್ಕಕ್ಕೆ ಕರೆದು, ಕೋಪವಿಲ್ಲದೆ, ಮಗುವಿಗೆ ಲೆಕ್ಕ ಹೇಳಿಕೊಡುವಂತೆ ಹಿಂದಿಯಲ್ಲಿ ವಿವರಿಸಿದರು. ಚೆನ್ನಾಗಿ ಹಾಡುವವರು ಬೇಡ. ಕೆಟ್ಟದಾಗಿ ಹಾಡುತ್ತೇನೆಂದು ನಾಚಿಕೊಳ್ಳುವವರೂ ಬೇಡ. ತಾನು ಚೆನ್ನಾಗಿ ಹಾಡುತ್ತೇನೆಂದು ನಂಬಿರುವವರನ್ನು ತಾ.

ಇದನ್ನು ಕೇಳಿದ ದಿನವೇ ನಾನು ಕೆಲಸ ಬಿಟ್ಟೆನೆಂದು ಬರೆಯುವಂತಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ. ನಾನು ತಲೆಯಾಡಿಸಿದೆ. ಚೀಟಿಯಲ್ಲಿ ಬರೆದುಕೊಂಡೆ. ಎರಡು ವಾರಗಳಲ್ಲಿ ಆ ಕೆಲಸದಲ್ಲಿ ನುರಿತೆ. ಡೊಂಬಿವಲಿಯ ಕಾರ್ಖಾನೆಯಲ್ಲಿ ಲೇಥ್ ಯಂತ್ರ ನಡೆಸುವ ಒಬ್ಬರು, ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಗಂಟು ಹೊರುವ ಒಬ್ಬರು, ಐರೋಲಿಯಲ್ಲಿ ಮನೆಗೆಲಸ ಮಾಡುವ ಒಬ್ಬ ಅಜ್ಜಿ, ಇವರನ್ನೆಲ್ಲ ನಾನೇ ಹುಡುಕಿದೆ. ಅವರೊಡನೆ ಬಹುವಚನದಲ್ಲಿ ಮಾತನಾಡುತ್ತಿದ್ದೆ. "ನಿಮಗೆ ತೊಂದರೆಯಿಲ್ಲದಿದ್ದರೆ" ಎನ್ನುತ್ತಿದ್ದೆ. ಬೇರೆ ಸಿಬ್ಬಂದಿ ಕರೆದರೆ ಹಿಂದೆಗೆಯುತ್ತಿದ್ದವರು ನಾನು ಕರೆದರೆ ಬರುತ್ತಿದ್ದರು. ಕಲಿತ ಹುಡುಗಿ, ಎಷ್ಟು ಮರ್ಯಾದೆ ಕೊಟ್ಟು ಮಾತನಾಡುತ್ತಾಳೆ ಎಂದು ಆ ಅಜ್ಜಿ ನನ್ನ ಕೆನ್ನೆ ಸವರಿದ್ದರು. ಭಾನುವಾರದ ಕಂತಿನ ಚಿತ್ರೀಕರಣದಲ್ಲಿ ಅವರ ಹಾಡಿಗೆ ನಿರೂಪಕರು ಕಿವಿಗೆ ಹತ್ತಿ ಇಟ್ಟುಕೊಂಡು ನಟಿಸಿದಾಗ ನಾನು ಸ್ಟುಡಿಯೋದ ಹಿಂಭಾಗದಲ್ಲಿ ನಿಂತು ಇತರರೊಡನೆ ನಕ್ಕೆ. ನಗು ಬಂದಿರಲಿಲ್ಲ. ನಗದಿದ್ದರೆ ಹೊರಗಿನವಳಂತೆ ಕಾಣುತ್ತೇನೆಂದು ನಕ್ಕೆ. ಇಷ್ಟು ವರ್ಷಗಳ ಮೇಲೂ ಆ ನಗುವಿನ ಆಕಾರ ನನ್ನ ಬಾಯಿಗೆ ನೆನಪಿದೆ.

ಆಗಸ್ಟಿನ ಒಂದು ಬುಧವಾರ ಕಲ್ಯಾಣದ ಕಡೆಯ ಹಳಿಗಳ ಮೇಲೆ ನೀರು ನಿಂತಿತು. ಆ ದಿನ ಹಾಡಬೇಕಿದ್ದ, ಕಲ್ಯಾಣದಲ್ಲಿ ಹೂ ಮಾರುವವರು ಬರಲಾಗಲಿಲ್ಲ. ಠಾಣೆಯಿಂದ ರಬಾಳೆಗೆ ಬರುವ ಲೋಕಲ್‌ಗಳು ಮಾತ್ರ ನಿಧಾನವಾಗಿ ಓಡುತ್ತಿದ್ದವು. ನಾಲ್ಕು ಗಂಟೆಯೊಳಗೆ ಕೋಪರಿಯಿಂದ ಯಾರನ್ನಾದರೂ ತರಿಸೆಂದು ರಿತು ಮೇಡಂ ಹೇಳಿದರು. ನಾನು ಅಪ್ಪಯ್ಯನ ಹೋಟೆಲಿಗೆ ಫೋನ್ ಮಾಡಿದೆ. ಅಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕಿದ್ದ ಒಬ್ಬರು ಸದಾ ಹಾಡುತ್ತಿದ್ದರು. ಅವರನ್ನು ಕಳುಹಿಸಲು ಸಾಧ್ಯವೇ ಎಂದು ಕೇಳಿದೆ.

"ಬೇರೆಯವ್ರ್ ಎಂತಕ್ಕೆ ಮಗಾ? ನಾನೇ ಬತ್ತೆ" ಎಂದರು ಅಪ್ಪಯ್ಯ. "ಆ ಹಾಡ್ ನಂಗೂ ಬತ್ತ್. ದಿನಾ ರೇಡಿಯೋದಗೆ ಕೇಂತೆ ಅಲ್ದಾ?"

ಆಗ ನಾನು ಬೇಡವೆನ್ನಬಹುದಿತ್ತು. ಅಲ್ಲಿ ಎಂಥವರು ಬೇಕೆಂಬುದು ನನಗೆ ಗೊತ್ತಿತ್ತು. ಅಪ್ಪಯ್ಯ ತಾವು ಚೆನ್ನಾಗಿ ಹಾಡುತ್ತೇವೆಂದು ನಂಬಿದ್ದರು. ಗಡಿಯಾರ ನೋಡಿದೆ. ಆಯಿತು, ಬೇಗ ಬನ್ನಿ ಎಂದೆ.

ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಅವರು ಸ್ಟುಡಿಯೋದ ಗೇಟಿನ ಬಳಿ ಬಂದು ನಿಂತಾಗ ಮೂರೂವರೆ. ಒಂದು ಕೈಯಲ್ಲಿ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ. ಮಗಳ ಆಫೀಸಿಗೆ ಬರಿಗೈಯಲ್ಲಿ ಹೋಗಬಾರದೆಂದು ಎಲ್ಲರಿಗೂ ಆಗುವಷ್ಟು ಗೋಳಿಬಜೆ ಕರಿದು ತಂದಿದ್ದರು. ಇನ್ನೊಂದು ಕೈಯ ಪ್ಲಾಸ್ಟಿಕ್ ಚೀಲದಲ್ಲಿ ಭಜನೆಯ ತಾಳ. ಒಳಗೆ ಹೋಗುವ ಮೊದಲು ಪ್ಯಾಂಟು ಇಳಿಸಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಕೇಳಿದರು, "ನಾನ್ ನಿನ್ನಪ್ಪ ಅಂದ್ಹೇಳಿ ಇಲ್ಲಿಯವ್ರಿಗೆ ಹೇಳುದಾ, ಬ್ಯಾಡ್ದಾ?"

ನಾನು ಛತ್ರಿ ಮಡಚುವುದರಲ್ಲಿ ತೊಡಗಿದ್ದೆ. ಅವರು ಎರಡನೆಯ ಸಲ ಕೇಳಲಿಲ್ಲ. ಒಳಗೆ ಹೋದ ಮೇಲೆ ರಿತು ಮೇಡಂಗೆ ಕೈಮುಗಿದರು. ಆಮೇಲೆ ನನ್ನ ಕಡೆಗೆ ತಿರುಗಿ, ತಮಗೆ ಬರುವ ಹೋಟೆಲ್ ಹಿಂದಿಯಲ್ಲಿ, ಎಲ್ಲಿ ನಿಲ್ಲಬೇಕು ಮೇಡಂ ಎಂದು ಕೇಳಿದರು.

ಇಲ್ಲಿ ಭಜನೆಯ ವಿಷಯವನ್ನು ಸ್ವಲ್ಪ ಹೇಳಬೇಕು. ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿ ಪ್ರತಿ ಶನಿವಾರ ಸಂಜೆ ಭಜನೆ ನಡೆಯುತ್ತಿತ್ತು. ಒಬ್ಬರು ಮುಂದೆ ಕುಳಿತು ಒಂದು ಸಾಲು ಹೇಳುತ್ತಾರೆ. ಉಳಿದವರೆಲ್ಲ ಸೇರಿ ಅದೇ ಸಾಲನ್ನು ಹಿಂದಿನಿಂದ ಹೇಳುತ್ತಾರೆ. ಅವರು ಹೇಳಿ ಮುಗಿಸುವವರೆಗೆ ಮುಂದೆ ಕುಳಿತವರು ತಾಳ ಹಾಕುತ್ತ ಕಾಯುತ್ತಾರೆ, ಅನಂತರ ಮುಂದಿನ ಸಾಲಿಗೆ ಹೋಗುತ್ತಾರೆ. ಕಾವಲಿಯ ಮುಂದೆ ನಿಂತೂ ನಿಂತೂ ಕಾಲು ಬಾತುಕೊಂಡಿದ್ದರೂ ಅಪ್ಪಯ್ಯ ಶನಿವಾರ ಎರಡು ಗಂಟೆಯ ರಜೆ ಕೇಳಿಕೊಂಡು ಬಂದು ಮುಂದೆ ಕುಳಿತುಕೊಳ್ಳುತ್ತಿದ್ದರು. ಹೊಸ ಸಿನಿಮಾ ಹಾಡುಗಳ ಧಾಟಿಗೂ ಭಜನೆ ಕಟ್ಟುತ್ತಿದ್ದರು. ನಾನು ನಾಲ್ಕನೆಯ ವಯಸ್ಸಿನಿಂದ ಅವರ ಹಿಂದೆ ಕುಳಿತು ಸಾಲು ಎತ್ತಿಕೊಂಡವಳು. ಹಾಡುವುದೆಂದರೆ ಅವರ ಪಾಲಿಗೆ ಹೀಗೆಯೇ. ಒಬ್ಬರೇ ಕೊನೆಯವರೆಗೆ ಹಾಡುವುದನ್ನು ಅವರು ಎಂದೂ ಮಾಡಿರಲಿಲ್ಲ.

ದೀಪಗಳು ಹೊತ್ತಿಕೊಂಡವು. ಅಪ್ಪಯ್ಯ ಚಪ್ಪಲಿ ಕಳಚಿ ಬದಿಗಿಟ್ಟು, ಬಗ್ಗಿ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆ ಹೊತ್ತಿಗಾಗಲೇ ರಿತು ಮೇಡಂ ಕ್ಯಾಮೆರಾದವನಿಗೆ ನಿಲ್ಲಿಸಬೇಡವೆಂದು ಕೈಸನ್ನೆ ಮಾಡುತ್ತಿದ್ದರು. ಆ ಮಳೆಗಾಲವೆಲ್ಲ ರಿಕ್ಷಾಗಳಲ್ಲಿ ಮೊಳಗುತ್ತಿದ್ದ, ಕುಣಿಯುವವರಿಗಾಗಿ ಮಾಡಿದ ಒಂದು ಹಿಂದಿ ಹಾಡು ಅದು. ಅದರ ಮೊದಲ ಸಾಲನ್ನು ಅಪ್ಪಯ್ಯ ತಾಳಕ್ಕೆ ಕೂರಿಸಿ, ನಿಧಾನವಾಗಿ, ಕಣ್ಣುಮುಚ್ಚಿ ಹೇಳಿದರು. ಹೇಳಿ ನಿಲ್ಲಿಸಿದರು. ತಾಳ ಹಾಕುತ್ತ ಕಾದರು.

ಯಾರೂ ಏನೂ ಹೇಳಲಿಲ್ಲ. ಅಪ್ಪಯ್ಯ ಕಣ್ಣು ತೆರೆದರು. ಸಾಲು ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು, ಸ್ವಲ್ಪ ದೊಡ್ಡ ದನಿಯಲ್ಲಿ ಅದನ್ನೇ ಮತ್ತೆ ಹೇಳಿದರು. ಈ ಬಾರಿ ಬಲಗೈಯನ್ನು ನಮ್ಮ ಕಡೆಗೆ ಚಾಚಿ, ಹೇಳಿ ಹೇಳಿ ಎಂದು ಸನ್ನೆ ಮಾಡಿದರು. ಹನ್ನೆರಡು ಹದಿಮೂರು ಮಂದಿ ಇದ್ದೆವು. ಮೂವರ ಬಾಯಲ್ಲಿ ಗೋಳಿಬಜೆಯಿತ್ತು. ಅವರು ಅಗಿಯುವುದನ್ನು ನಿಲ್ಲಿಸದೆಯೇ, ಸದ್ದಾಗದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅಪ್ಪಯ್ಯನ ಕಣ್ಣುಗಳು ಒಬ್ಬೊಬ್ಬರನ್ನೇ ದಾಟಿ ನನ್ನ ಮೇಲೆ ನಿಂತವು. ನನಗೆ ಆ ಸಾಲು ಬರುತ್ತಿತ್ತು. ಆ ತಾಳದಲ್ಲಿ ಅದನ್ನು ಎಲ್ಲಿ ಎತ್ತಿಕೊಳ್ಳಬೇಕೆಂಬುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಕೈಯಲ್ಲಿದ್ದ ಕಾಗದಗಳನ್ನು ನೋಡಿದೆ.

ಅವರು ಉಳಿದ ಸಾಲುಗಳನ್ನು ಒಂಟಿಯಾಗಿ ಹೇಳಿದರು. ಪ್ರತಿ ಸಾಲಿನ ಕೊನೆಯಲ್ಲೂ ರೂಢಿಯಂತೆ ಸ್ವಲ್ಪ ಹೊತ್ತು ನಿಲ್ಲಿಸುತ್ತ ಹೇಳಿದರು. ಮುಗಿದ ಮೇಲೆ ಎಲ್ಲರಿಗೂ ಕೈಮುಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಬ್ಬಿಯಲ್ಲಿ ಒಂದೂ ಬಜೆ ಉಳಿದಿರಲಿಲ್ಲ. ಒಬ್ಬರು ಚಟ್ನಿಯನ್ನು ಬೆರಳಿನಿಂದ ತೆಗೆದು ನೆಕ್ಕುತ್ತ, ಅಂಕಲ್ ಮತ್ತೊಮ್ಮೆ ಬನ್ನಿ ಎಂದರು. ಅಪ್ಪಯ್ಯನಿಗೆ ಸಂತೋಷವಾಯಿತು.

ಮರುದಿನವಲ್ಲ, ಅದರ ಮರುದಿನ ರಿತು ಮೇಡಂ ನನ್ನನ್ನು ಕರೆದರು. ಅವರ ಮುಂದೆ ಅಪ್ಪಯ್ಯ ಸಹಿ ಹಾಕಿದ್ದ ಒಪ್ಪಿಗೆಪತ್ರವಿತ್ತು. ತಂದೆಯ ಹೆಸರನ್ನು ನಡುವೆ ಸೇರಿಸುವ ಈ ರಾಜ್ಯದ ರೂಢಿಯಂತೆ ಶಾಲೆಯ ದಾಖಲೆಯಿಂದ ಹಿಡಿದು ಎಲ್ಲ ಕಡೆಯೂ ನನ್ನ ಹೆಸರು ಸುಮನಾ ಹೆರಿಯ ಪೂಜಾರಿ ಎಂದಿದೆ. ಪತ್ರದಲ್ಲಿ ಹೆರಿಯ ಪೂಜಾರಿ ಎಂದಿತ್ತು. ನಮ್ಮೂರಿನಲ್ಲಿ ಹತ್ತು ಮಂದಿಗೆ ಇರಬಹುದಾದ ಆ ಹೆಸರು ರಬಾಳೆಯಲ್ಲಿ ಇಬ್ಬರಿಗೆ ಇರಲು ಸಾಧ್ಯವಿರಲಿಲ್ಲ. ಬಯ್ಯುತ್ತಾರೆಂದು ಹೆದರಿದೆ. ಅವರು ಬಯ್ಯಲಿಲ್ಲ.

"ಮೊದಲೇ ಹೇಳಬಾರದಿತ್ತೆ?" ಎಂದರು. "ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುತ್ತಿದ್ದೆ. ಇನ್ನೂ ಚೆನ್ನಾಗಿರುತ್ತಿತ್ತು."

ಅದನ್ನು ಪ್ರಸಾರ ಮಾಡದಿರಲು ಸಾಧ್ಯವೇ ಎಂದು ಕೇಳಿದೆ. ಈ ವರ್ಷದ ಅತ್ಯುತ್ತಮ ತುಣುಕು ಅದೇ, ಯಾಕೆ ಬಿಡಬೇಕು ಎಂದರು. ನಾನು ಇನ್ನೊಮ್ಮೆ ಕೇಳಲಿಲ್ಲ. ಥ್ಯಾಂಕ್ಯೂ ಮೇಡಂ ಎಂದು ಹೇಳಿ ಹೊರಗೆ ಬಂದೆ. ಯಾವುದಕ್ಕೆ ಕೃತಜ್ಞತೆ ಹೇಳಿದೆನೆಂದು ಈಗಲೂ ತಿಳಿಯದು.

ಭಾನುವಾರ ಹೋಟೆಲಿನಲ್ಲಿ ಮಾಲೀಕರು ಟಿವಿಯ ಧ್ವನಿ ಹೆಚ್ಚಿಸಿ, ಅಪ್ಪಯ್ಯನನ್ನು ಗಿರಾಕಿಗಳ ಮೇಜಿನಲ್ಲಿ ಕೂರಿಸಿದರು. ಇಪ್ಪತ್ತೈದು ವರ್ಷಗಳಲ್ಲಿ ಅವರು ಆ ಕಡೆಯ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು. ಅಮ್ಮ ಊರಿಗೆಲ್ಲ ಫೋನ್ ಮಾಡಿ ತಿಳಿಸಿದ್ದರು. ಚಾಳಿನಿಂದ ಇಪ್ಪತ್ತು ಮಂದಿ ಬಂದು ಗೋಡೆಗೊರಗಿ ನಿಂತಿದ್ದರು, ಅವರ ನಡುವೆ ನಾನೂ ಇದ್ದೆ. ಪರದೆಯ ಮೇಲೆ ಅಪ್ಪಯ್ಯ ಮೊದಲ ಸಾಲು ಹೇಳಿದರು, ಕಾದರು. ಆ ಮೌನಕ್ಕೆ ಕಪ್ಪೆ ವಟಗುಟ್ಟುವ ಸದ್ದು ಸೇರಿಸಿದ್ದರು. ಚಾಚಿದ ಕೈಯನ್ನು ಮೂರು ಸಲ ಹಿಂದೆ ಮುಂದೆ ಮಾಡಿ ತೋರಿಸಿದರು. ನಿರೂಪಕ ಹುಡುಗ ಭಿಕ್ಷೆ ಹಾಕುವವನಂತೆ ಜೇಬು ತಡಕಿದ. ಗಿರಾಕಿಗಳು ಘೊಳ್ಳೆಂದು ನಕ್ಕರು. ಚಾಳಿನವರು ನಗಲಿಲ್ಲ. ಹೋಟೆಲಿನ ಕೆಲಸದವರು ಕೈಯಲ್ಲಿದ್ದ ತಟ್ಟೆಗಳನ್ನು ನೋಡಿದರು. ಎಲ್ಲರೂ ನಕ್ಕು ಮುಗಿಸಿದ ಮೇಲೆ ಅಪ್ಪಯ್ಯ ತಾವೂ ಸ್ವಲ್ಪ ನಕ್ಕರು. ಆಮೇಲೆ ಎದ್ದು, ಸೊಂಟಕ್ಕೆ ಪಂಚೆ ಬಿಗಿದುಕೊಂಡು, ಒಳಗೆ ಕಾವಲಿಯ ಮುಂದೆ ಹೋಗಿ ನಿಂತರು. ನಂಬರ್ ಒನ್ ಹಾಡನ್ನು ಅವರು ನೋಡಲಿಲ್ಲ.

ಸೋಮವಾರ ನನಗೆ ರಜೆ. ಮಧ್ಯಾಹ್ನ ಹೋಟೆಲಿನ ಬಿಡುವಿನಲ್ಲಿ ಮನೆಗೆ ಬಂದು ಚಾಪೆಯ ಮೇಲೆ ಕಾಲು ಚಾಚಿ ಕುಳಿತ ಅಪ್ಪಯ್ಯ, ಗೋಡೆಯ ಕಡೆಗೆ ನೋಡುತ್ತ ಹೇಳಿದರು.

"ಅವ್ರಿಗೆಲ್ಲ ಭಜನೆ ಗೊತ್ತಿಲ್ಲ ಮಗಾ. ಅವ್ರ್ ತಪ್ಪಲ್ಲ. ಆರೆ ನೀನ್ ಅಲ್ಲಿ ಇದ್ದಿದ್ದೆ ಅಲ್ದಾ?"

ಅವರು ನನಗೆ ಆಡಿದ ಕಠಿಣ ಮಾತೆಂದರೆ ಅದೊಂದೇ. ಮುಂದಿನ ಶನಿವಾರ ಭಜನೆಗೆ ಹೋದರು. ಮುಂದೆ ಕುಳಿತುಕೊಳ್ಳಿ ಎಂದು ಎಲ್ಲರೂ ಕರೆದರೂ ಹೋಗದೆ ಬಾಗಿಲಿನ ಬಳಿ ಗೋಡೆಗೊರಗಿ ಕುಳಿತರು. ಬೇರೆಯವರು ಹೇಳಿದ ಸಾಲುಗಳನ್ನು ಹಿಂದಿನಿಂದ ಹೇಳಿದರು. ಅಂದಿನಿಂದ ಇಂದಿನವರೆಗೆ ಅವರು ಯಾವ ಭಜನೆಯಲ್ಲೂ ಮುಂದೆ ಕುಳಿತಿಲ್ಲ. ಚೌತಿಯ ಹೊತ್ತಿಗೆ ನಾನು ಕೆಲಸ ಬಿಟ್ಟೆ. ಬೇರೆ ಕೆಲಸ ಸಿಕ್ಕಿತೆಂದು ಸುಳ್ಳು ಹೇಳಿ ಬಿಟ್ಟೆ. ರಿತು ಮೇಡಂ ಒಳ್ಳೆಯ ಶಿಫಾರಸು ಪತ್ರ ಕೊಟ್ಟರು. "ಜನರ ವಿಶ್ವಾಸ ಗಳಿಸುವುದರಲ್ಲಿ ಇವರಿಗೆ ವಿಶೇಷ ಸಾಮರ್ಥ್ಯವಿದೆ" ಎಂದು ಅದರಲ್ಲಿದೆ. ನಾನೀಗ ಕಲ್ಯಾಣದ ಒಂದು ಕಾಲೇಜಿನ ಕಚೇರಿಯಲ್ಲಿದ್ದೇನೆ. ಅಲ್ಲಿ ಅರ್ಜಿ ಸಲ್ಲಿಸುವಾಗ ಆ ಪತ್ರವನ್ನೂ ಲಗತ್ತಿಸಿದ್ದೆ.

ಹಿರೇಮಠ ಕಾಕಾ ಅವರಿಗೆ ಇದೊಂದೂ ತಿಳಿದಿರಲಿಲ್ಲ. ಲೇಖನಕ್ಕೆ ಸ್ಫೂರ್ತಿಯಾಗಲೆಂದು ಅವರು ಹಳೆಯ ತುಣುಕೊಂದನ್ನು ಸಂಘದ ವಾಟ್ಸಾಪ್ ಗುಂಪಿಗೆ ಕಳುಹಿಸಿದರು. ತೆರೆದು ನೋಡಿದರೆ ಅಪ್ಪಯ್ಯ, ಬಿಳಿ ಅಂಗಿ, ಚಾಚಿದ ಕೈ. ಯಾರೋ ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. ಕೆಳಗೆ ಒಂದರ ಹಿಂದೆ ಒಂದು ನಗುವ ಮುಖಗಳು. ನಮ್ಮ ಸಂಘದ ಮಹಿಳಾ ವಿಭಾಗದವರ, ಯುವ ವಿಭಾಗದವರ, ಪ್ರತಿ ವರ್ಷ ಹಣೆಗೆ ಕುಂಕುಮವಿಟ್ಟು ನನ್ನನ್ನು ಸ್ವಾಗತಿಸುವವರ ನಗುವ ಮುಖಗಳು. ಗುಂಪಿಗೆ ಏನೂ ಬರೆಯದೆ ನಾನು ಕಾಕಾ ಅವರಿಗೆ ಫೋನ್ ಮಾಡಿ, ಆ ಎರಡು ನಿಮಿಷವೂ ಹೊಸ ಕಾರ್ಯಕ್ರಮದಲ್ಲಿರುತ್ತದೆಯೇ ಎಂದು ಕೇಳಿದೆ.

"ಅದಿಲ್ಲಂದ್ರ ಯಾರ್ ನೋಡ್ತಾರ್ರೀ? ಹಾಡು ಎಲ್ಲಾರ ಫೋನ್‌ನ್ಯಾಗೂ ಅದಾವು" ಎಂದರು ಕಾಕಾ. ಆಮೇಲೆ ದನಿ ಮೆದುವಾಯಿತು. "ನಮ್ಮ ಮನ್ಯಾಗ ಮೊಮ್ಮಗ ಒಂದ್ ಕಡೆ, ಸೊಸಿ ಒಂದ್ ಕಡೆ, ಕಿವ್ಯಾಗ ಅದನ್ನ ಇಟ್ಕೊಂಡ ಕುಂಡ್ರತಾರ. ಯಾರ್ ಏನ್ ಕೇಳ್ತಾರ ಗೊತ್ತಿಲ್ಲ. ಒಂದ್ ತಾಸು ಎಲ್ಲಾರೂ ಕೂಡಿ ನೋಡಿ ನಕ್ರ ತಪ್ಪೇನ್ರೀ?"

ಅವರ ಒಂಟಿತನ ನನಗೆ ಅರ್ಥವಾಗುತ್ತದೆ. ನಮ್ಮ ಚಾಳಿನ ತೆರೆದ ಬಾಗಿಲುಗಳನ್ನು ನಾನೂ ಮರೆತಿಲ್ಲ. ಹತ್ತು ಹಾಡುಗಳು ಮಾತ್ರ ಬರುವುದಾದರೆ ನಾನೂ ಸಹಿ ಹಾಕುತ್ತಿದ್ದೆ. ಆದರೆ ಕಾಕಾ ಅವರೇ ಹೇಳಿದಂತೆ, ಈಗ ಹಾಡಿಗಾಗಿ ಯಾರೂ ಟಿವಿಯ ಮುಂದೆ ಕೂಡುವುದಿಲ್ಲ. ಮರಳಿ ಬರುವುದು ಹತ್ತು ಹಾಡುಗಳಲ್ಲ, ಆ ಎರಡು ನಿಮಿಷ. ಅದಕ್ಕೆ ಮತ್ತೊಬ್ಬ ಪದವೀಧರೆ ಬೇಕು. ಮರ್ಯಾದೆಯಿಂದ ಮಾತನಾಡಲು ಬಲ್ಲವಳು. ಅವಳು ಐರೋಲಿಗೆ, ಕಲ್ಯಾಣಕ್ಕೆ ಹೋಗಿ, ನಿಮಗೆ ತೊಂದರೆಯಿಲ್ಲದಿದ್ದರೆ ಎಂದು ಕೇಳಬೇಕು. ಆ ಕಾರ್ಯಕ್ರಮ ಮತ್ತೆ ಬರಬಾರದು. ಸಂಘ ಅದನ್ನು ಬೆಂಬಲಿಸಬಾರದು. ಕನ್ನಡ ಹಾಡಿಗೆ ಜಾಗ ಕೊಟ್ಟರೂ ಬೇಡ.

ಇದನ್ನು ಬರೆಯುವ ಮೊದಲು ಅಪ್ಪಯ್ಯನ ಅನುಮತಿ ಕೇಳಬೇಕಿತ್ತು. ಅವರು ಈಗ ಅಮ್ಮನೊಡನೆ ಟಿಟ್ವಾಳಾದಲ್ಲಿದ್ದಾರೆ. ಹೋದ ಭಾನುವಾರ ಹೋದೆ. ಅವರು ಬಾಲ್ಕನಿಯಲ್ಲಿ ಕುಳಿತು ತೊಂಡೆಕಾಯಿ ಹೆಚ್ಚುತ್ತಿದ್ದರು. ತುಣುಕು ಮತ್ತೆ ಹರಿದಾಡುತ್ತಿರುವುದನ್ನು ತಿಳಿಸಿದೆ. ಗೊತ್ತಿದೆ ಎಂದರು. ಕೆಳಮನೆಯ ಹುಡುಗರು ತೋರಿಸಿದ್ದರಂತೆ. ಸಂಚಿಕೆಯಲ್ಲಿ ಎಲ್ಲವನ್ನೂ ಬರೆಯಬೇಕೆಂದಿದ್ದೇನೆ, ಅದು ನನ್ನ ಅಪ್ಪಯ್ಯನೆಂದು, ನಾನು ಅಲ್ಲಿಯೇ ಇದ್ದೆನೆಂದು, ಬಾಯಿ ತೆರೆಯಲಿಲ್ಲವೆಂದು, ನಿಮಗೆ ಬೇಸರವಾಗುವುದಾದರೆ ಬರೆಯುವುದಿಲ್ಲ ಎಂದೆ. ಇಷ್ಟನ್ನು ಹೇಳಲು ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಆದರೂ ನಡುವೆ ಎರಡು ಸಲ ತಡವರಿಸಿದೆ.

ಅಪ್ಪಯ್ಯ ಕೈಯಲ್ಲಿದ್ದ ತೊಂಡೆಕಾಯಿಯನ್ನು ಹೆಚ್ಚಿ ಮುಗಿಸಿದರು.

"ಬರಿ" ಎಂದರು. "ಎಲ್ಲಾ ಬರಿ. ಆರೆ ಹಾಡ್ ನಾನ್ ಸರಿ ಹೇಳಿದ್ದೆ ಅಂದ್ಹೇಳಿಯೂ ಬರಿ. ಅದನ್ನ ಯಾರೂ ಹೇಳುದಿಲ್ಲ."

ಮನೆಗೆ ಬಂದು, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಆ ತುಣುಕನ್ನು ಧ್ವನಿಯೊಡನೆ ಪೂರ್ತಿಯಾಗಿ ಕೇಳಿದೆ. ಕಪ್ಪೆಯ ಸದ್ದು, ನಿರೂಪಕರ ನಗು, ಇವುಗಳ ಕೆಳಗಿನಿಂದ ಅವರ ದನಿಯನ್ನು ಹೆಕ್ಕಿ ಹೆಕ್ಕಿ ಕೇಳಬೇಕಾಯಿತು. ಮೂಲ ಹಾಡನ್ನೂ ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಸಾಲನ್ನೂ ಮೂರು ನಾಲ್ಕು ಸಲ ಹೋಲಿಸಿ ನೋಡಿದೆ. ಧಾಟಿ ನಿಧಾನವಾಗಿದೆ. ತಾಳ ಎಲ್ಲಿಯೂ ತಪ್ಪಿಲ್ಲ. ಸ್ವರ ಎಲ್ಲಿಯೂ ಜಾರಿಲ್ಲ. ಆದ್ದರಿಂದ ಸಂಚಿಕೆಯ ಓದುಗರ ಗಮನಕ್ಕೆ ತರುತ್ತೇನೆ: ನೀವೆಲ್ಲ ನೋಡಿ ನಕ್ಕ ಆ ವ್ಯಕ್ತಿ ನನ್ನ ತಂದೆ, ಮತ್ತು ಅವರು ಹಾಡನ್ನು ಸರಿಯಾಗಿ ಹೇಳಿದ್ದರು.